ಬಟ್ಟಲು ಕಡೆಯುವ ಹವ್ಯಾಸ: ಮರ, ನೀರು ಮತ್ತು ವೃತ್ತ

ಮಳೆಗಾಲ ಬಂದಿತೆಂದರೆ ಹಳೆಯ ಮನೆಗಳ ಬಾಗಿಲುಗಳು ಬಿಗಿದುಕೊಳ್ಳುತ್ತವೆ. ಬೇಸಗೆಯಲ್ಲಿ ಅದೇ ಬಾಗಿಲಿನ ಸಂದಿನಿಂದ ಬೆಳಕು ಇಣಿಕುತ್ತದೆ. ಇದನ್ನು ಕಾಣದವರಿಲ್ಲ. ಕಡಿದು, ಕೊಯ್ದು, ಬಣ್ಣ ಬಳಿದು ಎಷ್ಟೋ ವರ್ಷಗಳಾದ ಮೇಲೂ ಮರವು ಗಾಳಿಯಲ್ಲಿರುವ ತೇವವನ್ನು ಹೀರಿ ಉಬ್ಬುತ್ತದೆ. ತೇವವನ್ನು ಬಿಟ್ಟು ಕುಗ್ಗುತ್ತದೆ. ಬಾಗಿಲಿನ ವಿಷಯದಲ್ಲಿ ಇದೊಂದು ಸಣ್ಣ ಕಿರುಕುಳ. ಬಡಗಿಯನ್ನು ಕರೆಸಿ ಅಂಚಿಗೆ ಉಜ್ಜುಗೊರಡು ಹಾಕಿಸಿದರೆ ಮುಗಿಯಿತು. ಆದರೆ ಮರದ ತುಂಡಿನಿಂದ ದುಂಡನೆಯ ಬಟ್ಟಲೊಂದನ್ನು ಕಡೆಯಹೊರಟವನಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಇಂದು ಸಂಜೆ ಕೈವಾರದಿಂದ ಬರೆದಷ್ಟು ದುಂಡಗಿದ್ದ ಬಟ್ಟಲು ವಾರ ಕಳೆಯುವಷ್ಟರಲ್ಲಿ ಮೊಟ್ಟೆಯಾಕಾರವನ್ನು ತಾಳಬಹುದು. ಇಲ್ಲವೆ ಬೆಳಗಾಗುವುದರೊಳಗೆ ಅಂಚಿನಿಂದ ತಳದವರೆಗೆ ಸೀಳಿಬಿಡಬಹುದು. ಹೊಸಬರು ಸೋಲುವುದು ಹೆಚ್ಚಾಗಿ ಕೈಚಳಕದ ಕೊರತೆಯಿಂದಲ್ಲ, ಮರದೊಳಗಿನ ನೀರನ್ನು ಅರಿಯದುದರಿಂದ. ಆ ನೀರಿನ ನಡೆಯನ್ನು ತಿಳಿದವನಿಗೆ ಬಟ್ಟಲು ಕಡೆಯುವುದು ಅತ್ಯಂತ ಸೊಗಸಾದ ಹವ್ಯಾಸ; ಅಷ್ಟೇ ಅಲ್ಲ, ಭೌತವಿಜ್ಞಾನದ ಒಳ್ಳೆಯ ಪಾಠವೂ ಹೌದು.

ಹಳೆಯ ಕಲೆ, ಹೊಸ ಹವ್ಯಾಸ

ಕೆತ್ತನೆಯಲ್ಲಿ ಮರವು ನಿಂತಿರುತ್ತದೆ, ಉಳಿ ಚಲಿಸುತ್ತದೆ. ಕಡೆತದಲ್ಲಾದರೋ ಮರವೇ ತಿರುಗುತ್ತದೆ, ಉಳಿಯು ಒಂದು ಆಸರೆಯ ಮೇಲೆ ಊರಿ ನಿಲ್ಲುತ್ತದೆ. ತಿರುಗುವ ವಸ್ತುವಿನ ಪ್ರತಿಯೊಂದು ಬಿಂದುವೂ ಅಕ್ಷದಿಂದ ಒಂದೇ ದೂರದಲ್ಲಿ ಸುತ್ತುವುದರಿಂದ, ನಿಂತ ಉಳಿಗೆ ಸಿಕ್ಕಿದ ಭಾಗ ತಾನಾಗಿಯೇ ವೃತ್ತವಾಗುತ್ತದೆ. ಲೇತ್ ಯಂತ್ರದ ಮೂಲತತ್ತ್ವ ಇಷ್ಟೇ. ಈ ತತ್ತ್ವ ಬಹು ಪ್ರಾಚೀನವಾದುದು. ಕ್ರಿ.ಪೂ. ೩೦೦ರ ಸುಮಾರಿನ, ಈಜಿಪ್ಟಿನ ಪೆಟೊಸಿರಿಸ್ ಎಂಬವನ ಸಮಾಧಿಯಲ್ಲಿ ಒಂದು ಉಬ್ಬುಚಿತ್ರವಿದೆ. ಅದರಲ್ಲಿ ಒಬ್ಬನು ಹಗ್ಗವನ್ನೆಳೆದು ಮರವನ್ನು ಸುತ್ತಿಸುತ್ತಿದ್ದಾನೆ, ಇನ್ನೊಬ್ಬನು ಉಳಿ ಹಿಡಿದಿದ್ದಾನೆ. ೧೫೪೫ರಲ್ಲಿ ಮುಳುಗಿ ೧೯೮೨ರಲ್ಲಿ ಮೇಲೆತ್ತಲ್ಪಟ್ಟ ‘ಮೇರಿ ರೋಸ್’ ಎಂಬ ಇಂಗ್ಲಿಷ್ ಯುದ್ಧನೌಕೆಯಲ್ಲಿ ನಾವಿಕರು ಉಣ್ಣುತ್ತಿದ್ದ ಕಡೆದ ಮರದ ಬಟ್ಟಲುಗಳು ದೊರೆತಿವೆ.

ಲೋಹದ ಮತ್ತು ಪಿಂಗಾಣಿಯ ಪಾತ್ರೆಗಳು ಅಗ್ಗವಾದಂತೆ ಮರದ ಬಟ್ಟಲು ಅಡುಗೆಮನೆಯಿಂದ ಮರೆಯಾಯಿತು. ಇಂಗ್ಲೆಂಡಿನ ಬಕಲ್‌ಬರಿ ಎಂಬಲ್ಲಿ ಕಾಲಿನಿಂದ ಮೆಟ್ಟುವ ಯಂತ್ರದ ಮೇಲೆ ಬಟ್ಟಲು ಕಡೆದೇ ಜೀವಿಸಿದ ಜಾರ್ಜ್ ಲೇಲಿ ೧೯೫೮ರಲ್ಲಿ ತೀರಿಕೊಂಡನು. ಬಾಗುವ ಕೋಲೊಂದು ಹಗ್ಗವನ್ನು ಮೇಲಕ್ಕೆಳೆಯುವುದು, ಕಾಲು ಅದನ್ನು ಕೆಳಕ್ಕೆಳೆಯುವುದು, ಕಾಲು ಮೆಟ್ಟಿದಾಗ ಮಾತ್ರ ಉಳಿ ಕೊಯ್ಯುವುದು: ಇದು ಆ ಯಂತ್ರದ ರೀತಿ. ಈಗ ಅದು ರೆಡಿಂಗ್ ನಗರದ ಗ್ರಾಮಜೀವನ ವಸ್ತುಸಂಗ್ರಹಾಲಯದಲ್ಲಿದೆ.

ಜೀವನೋಪಾಯವಾಗಿದ್ದುದು ಹೀಗೆ ಅಳಿಯುತ್ತಿದ್ದ ಕಾಲದಲ್ಲೇ ಅದು ಹವ್ಯಾಸವಾಗಿ ಮರುಹುಟ್ಟು ಪಡೆಯಿತು. ಅಮೆರಿಕದಲ್ಲಿ ಯಂತ್ರಶಿಲ್ಪವನ್ನು ಓದಿ ಗಣಿತವನ್ನು ಬೋಧಿಸುತ್ತಿದ್ದ ಜೇಮ್ಸ್ ಪ್ರೆಸ್ಟಿನಿ ಅತಿ ತೆಳುವಾದ ಗೋಡೆಯ ಬಟ್ಟಲುಗಳನ್ನು ಕಡೆದು, ಅವು ಕಲಾಸಂಗ್ರಹಾಲಯಗಳಲ್ಲಿ ಇಡತಕ್ಕ ವಸ್ತುಗಳೆಂದು ತೋರಿಸಿಕೊಟ್ಟನು. ಬಾಬ್ ಸ್ಟಾಕ್ಸ್‌ಡೇಲ್ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಯುದ್ಧಮಾಡಲು ಒಪ್ಪದವರಿಗಾಗಿ ನಡೆಸುತ್ತಿದ್ದ ಶಿಬಿರದಲ್ಲಿದ್ದಾಗ ಈ ಕೆಲಸಕ್ಕೆ ಕೈಹಾಕಿ, ಮುಂದೆ ಅದರಲ್ಲೇ ಹೆಸರುಮಾಡಿದನು. ೧೯೮೬ರಲ್ಲಿ ಅಮೆರಿಕದಲ್ಲಿ ಮರ ಕಡೆಯುವವರ ಸಂಘವೇ ಸ್ಥಾಪನೆಯಾಯಿತು.

ನಮ್ಮ ನಾಡಿಗೂ ಈ ವಿದ್ಯೆ ಹೊಸತಲ್ಲ. ಉಪ್ಪಿನ ಮರಿಗೆಯನ್ನು ಅಜ್ಜಿಯರ ಅಡುಗೆಮನೆಯಲ್ಲಿ ಕಂಡವರು ಇನ್ನೂ ಇದ್ದಾರೆ. ಚನ್ನಪಟ್ಟಣದ ಗೊಂಬೆಗಳಂತೂ ಕಡೆತದ ಕೆಲಸಕ್ಕೆ ಲೋಕಪ್ರಸಿದ್ಧವಾದ ಉದಾಹರಣೆ. ಅವುಗಳ ವಿಷಯಕ್ಕೆ ಮುಂದೆ ಬರೋಣ. ಮೊದಲು ಮರದ ಒಳಹೊಕ್ಕು ನೋಡೋಣ.

ಮರದೊಳಗಿನ ಎರಡು ಬಗೆಯ ನೀರು

ತೊಯ್ದ ಟವೆಲನ್ನು ಹಗ್ಗದ ಮೇಲೆ ಹರವಿದಿರೆಂದು ಎಣಿಸಿರಿ. ಮೊದಲು ನೂಲುಗಳ ನಡುವೆ ನಿಂತ ನೀರು ತೊಟ್ಟಿಕ್ಕುತ್ತದೆ. ಆ ಬಳಿಕವೂ ಟವೆಲು ಬಹಳ ಹೊತ್ತು ತಣ್ಣಗಿರುತ್ತದೆ. ಏಕೆಂದರೆ ನೂಲಿನ ಒಳಗೇ ಹೊಕ್ಕ ತೇವ ನಿಧಾನವಾಗಿ ಹೋಗಬೇಕು. ಮರದಲ್ಲಿಯೂ ಹೀಗೆಯೇ. ಮರವೆಂಬುದು ಉದ್ದನೆಯ ಸಣ್ಣ ಕೊಳವೆಗಳಂಥ ಕೋಶಗಳ ಕಟ್ಟು. ಕೊಳವೆಯ ಪೊಳ್ಳಿನಲ್ಲಿ ತುಂಬಿರುವುದು ಸ್ವತಂತ್ರ ಜಲ. ಕೊಳವೆಯ ಗೋಡೆಯಲ್ಲಿ, ಸೆಲ್ಯುಲೋಸ್ ಎಳೆಗಳ ನಡುವೆ ಸೇರಿಕೊಂಡಿರುವುದು ಬದ್ಧ ಜಲ.

ಮರದ ತೇವವನ್ನು ಅಳೆಯುವಾಗ, ನೀರಿನ ತೂಕವನ್ನು ಪೂರ್ಣವಾಗಿ ಒಣಗಿದ ಮರದ ತೂಕದಿಂದ ಭಾಗಿಸಿ ಶೇಕಡದಲ್ಲಿ ಹೇಳುವುದು ರೂಢಿ. ಹಸಿಮರದಲ್ಲಿ ಇದು ಕೆಲವು ವೇಳೆ ೧೦೦ನ್ನೂ ಮೀರುವುದುಂಟು. ಮೊದಲು ಸ್ವತಂತ್ರ ಜಲ ಹೊರಡುತ್ತದೆ. ಆಗ ಮರವು ಹಗುರವಾಗುವುದೇ ಹೊರತು ಕುಗ್ಗುವುದಿಲ್ಲ. ತೇವವು ಸುಮಾರು ಶೇಕಡ ೩೦ಕ್ಕೆ ಇಳಿದಾಗ ಪೊಳ್ಳುಗಳೆಲ್ಲ ಬರಿದಾಗಿ, ಗೋಡೆಗಳು ಮಾತ್ರ ತೇವದಿಂದ ತುಂಬಿರುತ್ತವೆ. ಇದನ್ನು ನಾರಿನ ಸಂತೃಪ್ತ ಸ್ಥಿತಿಯೆನ್ನುತ್ತಾರೆ. ಇದಕ್ಕಿಂತ ಕೆಳಕ್ಕಿಳಿಯಿತೆಂದರೆ ಗೋಡೆಗಳೇ ತೆಳುವಾಗತೊಡಗುತ್ತವೆ. ಸಂಕೋಚ ಆರಂಭವಾಗುವುದು ಇಲ್ಲಿಂದ. ಹಸಿಮರದ ಬಟ್ಟಲು ಮೊದಮೊದಲು ಏನೂ ಆಗದಂತಿದ್ದು, ತರುವಾಯ ಥಟ್ಟನೆ ಸೊಟ್ಟಗಾಗುವುದರ ಗುಟ್ಟು ಇದೇ.

ಒಣಗುವುದಾದರೂ ಎಲ್ಲಿಯವರೆಗೆ? ಸುತ್ತಣ ಗಾಳಿಯೊಡನೆ ಸಮತೋಲ ಉಂಟಾಗುವವರೆಗೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ ೩೦ರಷ್ಟಿದ್ದರೆ ಮರದ ತೇವ ಸುಮಾರು ಶೇಕಡ ೬ಕ್ಕೆ ನಿಲ್ಲುವುದು. ೬೫ರಷ್ಟಿದ್ದರೆ ಸುಮಾರು ೧೨ಕ್ಕೆ. ೮೫ರಷ್ಟಿದ್ದರೆ ೧೭ಕ್ಕಿಂತಲೂ ತುಸು ಮೇಲೆ. ಆದುದರಿಂದ ಮಂಗಳೂರಿನ ಮಳೆಗಾಲದಲ್ಲಿ ಒಣಗಿತೆಂದು ತಿಳಿದ ಮರ ಕಲಬುರಗಿಯ ಬೇಸಗೆಗೆ ಹೋದರೆ ಮತ್ತೂ ಒಣಗಬೇಕಾಗುತ್ತದೆ.

ಬಿರುಕಿನ ಗಣಿತ

ಮರವು ಎಲ್ಲ ದಿಕ್ಕುಗಳಲ್ಲಿಯೂ ಒಂದೇ ಸಮನಾಗಿ ಕುಗ್ಗುತ್ತಿದ್ದರೆ ಚಿಂತೆಯಿರುತ್ತಿರಲಿಲ್ಲ. ದೊಡ್ಡ ಬಟ್ಟಲು ಚಿಕ್ಕ ಬಟ್ಟಲಾಗುತ್ತಿತ್ತು, ಅಷ್ಟೇ. ಆದರೆ ಅದು ಹಾಗೆ ಕುಗ್ಗುವುದಿಲ್ಲ. ಮರದ ಉದ್ದದ ದಿಕ್ಕಿನಲ್ಲಿ ಸಂಕೋಚ ಅತ್ಯಲ್ಪ, ಶೇಕಡ ೦.೧ರಿಂದ ೦.೨ರಷ್ಟು ಮಾತ್ರ. ಸೆಲ್ಯುಲೋಸ್ ಎಳೆಗಳು ಹೆಚ್ಚುಕಡಿಮೆ ಉದ್ದಕ್ಕೇ ಮಲಗಿರುವುದರಿಂದ, ಅವುಗಳ ನಡುವಣ ನೀರು ಹೋದಾಗ ಎಳೆಗಳು ಒಂದಕ್ಕೊಂದು ಹತ್ತಿರವಾಗುತ್ತವೆಯೇ ಹೊರತು ಮೊಟಕಾಗುವುದಿಲ್ಲ. ಅಡ್ಡ ದಿಕ್ಕಿನಲ್ಲಿ ಮತ್ತೆ ಎರಡು ಬಗೆ. ತಿರುಳಿನಿಂದ ತೊಗಟೆಯ ಕಡೆಗೆ, ಎಂದರೆ ತ್ರಿಜ್ಯದ ದಿಕ್ಕಿನಲ್ಲಿ, ಸಂಕೋಚ ಕಡಿಮೆ; ವಾರ್ಷಿಕ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಅದು ಸುಮಾರು ಇಮ್ಮಡಿ. ತಿರುಳಿನಿಂದ ಹೊರಮುಖವಾಗಿ ಹಬ್ಬಿರುವ ಕಿರಣಕೋಶಗಳು ತ್ರಿಜ್ಯದ ಸಂಕೋಚಕ್ಕೆ ತಡೆಯೊಡ್ಡುವುದು ಇದಕ್ಕೆ ಒಂದು ಕಾರಣ. ಹಸಿ ತೇಗವು ಪೂರ್ಣ ಒಣಗಿದಾಗ ತ್ರಿಜ್ಯದ ದಿಕ್ಕಿನಲ್ಲಿ ಸುಮಾರು ಶೇಕಡ ೨.೫, ಸುತ್ತಿನ ದಿಕ್ಕಿನಲ್ಲಿ ಸುಮಾರು ೫.೮ ಕುಗ್ಗುತ್ತದೆ. ತೇಗವು ಕಡಿಮೆ ಕುಗ್ಗುವ ಮರಗಳಲ್ಲೊಂದು. ಅನೇಕ ಮರಗಳು ಇದಕ್ಕಿಂತ ಹೆಚ್ಚು ಕುಗ್ಗುತ್ತವೆ.

ಈಗ ಒಂದು ಚಿಕ್ಕ ಲೆಕ್ಕ. ತೇಗದ ದಿಮ್ಮಿಯಿಂದ ಒಂದು ಬಿಲ್ಲೆಯನ್ನು ಅಡ್ಡಲಾಗಿ ಕೊಯ್ದು, ಶೇಕಡ ೧೨ರ ತೇವಕ್ಕೆ ಒಣಗಿಸಿದೆವೆನ್ನೋಣ. ತೇವವು ೩೦ರಿಂದ ೧೨ಕ್ಕೆ ಇಳಿದುದರಿಂದ ಪೂರ್ಣ ಸಂಕೋಚದ ಐದರಲ್ಲಿ ಮೂರು ಪಾಲು ಆಗಿರುತ್ತದೆ. ತ್ರಿಜ್ಯ ಶೇಕಡ ೧.೫ರಷ್ಟು ಕುಗ್ಗಿತು; ಪರಿಧಿ ೩.೫ರಷ್ಟು ಕುಗ್ಗಬೇಕು. ಆದರೆ ಪರಿಧಿಯು ತ್ರಿಜ್ಯದ ೨π ಪಟ್ಟು ಇರಲೇಬೇಕೆಂಬುದು ರೇಖಾಗಣಿತದ ಕಟ್ಟಳೆ. ತ್ರಿಜ್ಯ ಇಷ್ಟಿರುವಾಗ ಪೂರ್ಣ ವೃತ್ತಕ್ಕೆ ಬೇಕಾದ ಪರಿಧಿಯಲ್ಲಿ ಶೇಕಡ ೨ರಷ್ಟು ಕೊರತೆ ಬಿದ್ದಿತು. ೩೬೦ ಡಿಗ್ರಿಯಲ್ಲಿ ಶೇಕಡ ೨ ಎಂದರೆ ಸುಮಾರು ೭ ಡಿಗ್ರಿ. ಈ ಕೊರತೆಯನ್ನು ಮರವು ಎಲ್ಲಿಂದ ತುಂಬೀತು? ಹೋಳಿಗೆಯಿಂದ ಒಂದು ತುಣುಕು ಮುರಿದಂತೆ, ತೊಗಟೆಯಿಂದ ತಿರುಳಿನವರೆಗೆ ಬಾಯಿ ಬಿಡುತ್ತದೆ. ಸೌದೆಯಂಗಡಿಯಲ್ಲಿ ರಾಶಿಹಾಕಿದ ಕೊರಡುಗಳ ತುದಿಯನ್ನು ನೋಡಿರಿ. ಅಲ್ಲಿ ಕಾಣುವ ತ್ರಿಕೋನಾಕಾರದ ಬಿರುಕು ಈ ಲೆಕ್ಕದ ಉತ್ತರವೇ ಆಗಿದೆ.

ಆದುದರಿಂದಲೇ ಬಟ್ಟಲು ಕಡೆಯುವವರು ಮೊದಲು ದಿಮ್ಮಿಯನ್ನು ತಿರುಳಿನ ಮೂಲಕ ಉದ್ದಕ್ಕೆ ಎರಡಾಗಿ ಸೀಳಿ, ತಿರುಳಿನ ಭಾಗವನ್ನು ಕೊಯ್ದು ತೆಗೆದುಹಾಕುತ್ತಾರೆ. ಅರ್ಧದಿಮ್ಮಿಗೆ ಪೂರ್ಣ ವೃತ್ತವಾಗಿರಬೇಕೆಂಬ ಕಟ್ಟಳೆಯಿಲ್ಲ. ಅದರ ಎರಡು ಅಂಚುಗಳು ಸ್ವತಂತ್ರವಾಗಿರುವುದರಿಂದ, ಅದು ಬಿರಿಯದೆ ಸ್ವಲ್ಪ ಬಾಗಿ ತನ್ನ ಬಿಗುಪನ್ನು ಕಳೆದುಕೊಳ್ಳಬಲ್ಲುದು.

ಎರಡು ಸಲ ಕಡೆಯುವ ಉಪಾಯ

ಅರ್ಧದಿಮ್ಮಿಯಿಂದ ಕಡೆದ ಬಟ್ಟಲಿನ ಬಾಯಿಯ ಒಂದು ವ್ಯಾಸ ನಾರಿನ ಉದ್ದಕ್ಕೆ ಇರುತ್ತದೆ, ಅದಕ್ಕೆ ಲಂಬವಾದ ವ್ಯಾಸ ನಾರಿಗೆ ಅಡ್ಡಲಾಗಿರುತ್ತದೆ. ಹಸಿ ತೇಗದಿಂದ ೨೦೦ ಮಿಲಿಮೀಟರ್ ವ್ಯಾಸದ ಬಟ್ಟಲನ್ನು ಕಡೆದೆವು, ಅಡ್ಡ ವ್ಯಾಸ ಬಹುಮಟ್ಟಿಗೆ ಉಂಗುರಗಳ ಸುತ್ತಿನ ದಿಕ್ಕಿನಲ್ಲಿದೆ ಎಂದಿಟ್ಟುಕೊಳ್ಳಿ. ಒಣಗಿದ ಮೇಲೆ ಉದ್ದದ ವ್ಯಾಸ ೨೦೦ ಆಗಿಯೇ ಉಳಿದು, ಅಡ್ಡ ವ್ಯಾಸ ೧೯೩ಕ್ಕೆ ಇಳಿಯುವುದು. ೭ ಮಿಲಿಮೀಟರುಗಳ ಈ ವ್ಯತ್ಯಾಸ ಕಣ್ಣಿಗೆ ಚೆನ್ನಾಗಿ ಕಾಣುವಂಥದು.

ಹಾಗಾದರೆ ದುಂಡನೆಯ ಬಟ್ಟಲು ಸಾಧ್ಯವೇ ಇಲ್ಲವೆ? ಇದೆ. ಅನುಭವಿಗಳು ಒಂದೇ ಬಟ್ಟಲನ್ನು ಎರಡು ಸಲ ಕಡೆಯುತ್ತಾರೆ. ಮೊದಲ ಸಲ, ಮರ ಹಸಿಯಾಗಿ ಮೆತ್ತಗಿರುವಾಗಲೇ, ಗೋಡೆಯ ದಪ್ಪವನ್ನು ವ್ಯಾಸದ ಹತ್ತನೆಯ ಒಂದು ಪಾಲಿನಷ್ಟು ಉಳಿಸಿ ಒರಟಾಗಿ ಕಡೆಯುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದು ೨೦ ಮಿಲಿಮೀಟರ್. ಅನಂತರ ಅದನ್ನು ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಅದು ತನಗೆ ಬೇಕಾದಂತೆ ಸೊಟ್ಟಗಾಗಿ ನಿಂತ ಮೇಲೆ ಮತ್ತೆ ಯಂತ್ರಕ್ಕೇರಿಸಿ ದುಂಡಗೆ ಮಾಡುತ್ತಾರೆ. ಹೊರಗಿನ ವ್ಯಾಸ ೧೯೩ಕ್ಕಿಂತ ಹೆಚ್ಚಿರಲಾರದು. ಒಳಗಿನ ವ್ಯಾಸ ೧೬೦ಕ್ಕಿಂತ ಕಡಿಮೆಯಿರಲಾರದು. ಇವೆರಡರ ನಡುವೆ ೧೬ ಮಿಲಿಮೀಟರಿಗೂ ಮಿಕ್ಕ ಮರ ಉಳಿದಿರುವುದರಿಂದ ೮ ಮಿಲಿಮೀಟರ್ ದಪ್ಪದ ಗೋಡೆಯನ್ನು ಧಾರಾಳವಾಗಿ ಪಡೆಯಬಹುದು. ಮೊದಲೇ ಗೋಡೆಯನ್ನು ೫ ಮಿಲಿಮೀಟರಿಗೆ ಕಡೆದುಬಿಟ್ಟಿದ್ದರೆ ಮತ್ತೆ ದುಂಡಗೆ ಮಾಡುವಾಗ ಉಳಿಯುತ್ತಿದ್ದುದು ಕೇವಲ ಒಂದೂವರೆ ಮಿಲಿಮೀಟರ್!

ಒರಟಾಗಿ ತೋಡಿಡುವುದರಿಂದ ಇನ್ನೊಂದು ಲಾಭವಿದೆ. ಮರದೊಳಗಿನ ತೇವ ವಿಸರಣದಿಂದ ಹೊರಬರಬೇಕು. ಅದಕ್ಕೆ ಬೇಕಾಗುವ ಕಾಲ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ದಪ್ಪ ಅರ್ಧವಾದರೆ ಕಾಲ ಕಾಲುಭಾಗವಾಗುತ್ತದೆ. ಆದರೆ ಅವಸರವೂ ಸಲ್ಲದು. ಹೊರಮೈ ಬೇಗ ಒಣಗಿ ಕುಗ್ಗಹೊರಟಾಗ ಒಳಭಾಗ ಇನ್ನೂ ಹಸಿಯಾಗಿದ್ದು ಬಗ್ಗದಿದ್ದರೆ, ಹೊರಮೈ ಹರಿಯುತ್ತದೆ. ಅದಕ್ಕಾಗಿಯೇ ಒರಟು ಬಟ್ಟಲನ್ನು ಕಾಗದದ ಚೀಲದಲ್ಲಿ, ಅದೇ ಮರದ ಸುರುಳಿಗಳ ನಡುವೆ ಹುಗಿದು, ಬಿಸಿಲೂ ಬಿರುಗಾಳಿಯೂ ಸೋಕದ ಮೂಲೆಯಲ್ಲಿಡುತ್ತಾರೆ. ನಾರಿನ ತುದಿಗಳು ತೆರೆದಿರುವ ಕಡೆ ತೇವ ಬಹುಬೇಗ ಹೋಗುವುದರಿಂದ ಅಲ್ಲಿ ಮೇಣ ಬಳಿಯುವುದೂ ಉಂಟು.

ಬಟ್ಟಲು ಒಣಗಿದುದನ್ನು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ, ತೂಕವನ್ನು ಗ್ರಾಫ್ ಕಾಗದದ ಮೇಲೆ ಗುರುತಿಸಿರಿ. ಮೊದಲು ಕಡಿದಾಗಿ ಇಳಿದ ರೇಖೆ ಕ್ರಮೇಣ ಮಟ್ಟವಾಗುವುದು. ೯೦೦ ಗ್ರಾಂ ಇದ್ದ ಬಟ್ಟಲು ೬೦೦ ಗ್ರಾಮಿಗೆ ಬಂದು ನಿಂತಿತೆನ್ನೋಣ. ಆಗ ಅದರಲ್ಲಿ ಶೇಕಡ ೧೨ ತೇವವಿದ್ದರೆ ಒಣಮರದ ತೂಕ ಸುಮಾರು ೫೩೬ ಗ್ರಾಂ; ಮೊದಲಿದ್ದ ತೇವ ಸುಮಾರು ಶೇಕಡ ೬೮. ಶಾಲೆಯ ವಿಜ್ಞಾನ ಸಂಘದವರು ಮಾವು, ಹಲಸು, ಬೇವುಗಳ ತುಂಡುಗಳನ್ನಿಟ್ಟುಕೊಂಡು ಈ ಪ್ರಯೋಗವನ್ನು ಲೇತ್ ಯಂತ್ರವಿಲ್ಲದೆಯೂ ಮಾಡಬಹುದು.

ಉಳಿ ಮತ್ತು ನಾರು

ಬಟ್ಟಲಿಗೆ ಬಳಸುವ ಮುಖ್ಯ ಉಳಿಗೆ ಗೌಜ್ ಎಂದು ಹೆಸರು. ಉಕ್ಕಿನ ಸಲಾಕೆಯಲ್ಲಿ ಉದ್ದಕ್ಕೂ ಕಾಲುವೆ ತೋಡಿದಂತೆ ಅದರ ಆಕಾರ. ಬಟ್ಟಲು ಒಂದು ಸುತ್ತು ಬರುವಷ್ಟರಲ್ಲಿ ಉಳಿಯು ಎರಡು ಸಲ ನಾರಿನ ಮಗ್ಗುಲನ್ನೂ ಎರಡು ಸಲ ನಾರಿನ ತುದಿಯನ್ನೂ ಸಂಧಿಸುತ್ತದೆ. ಪೊರಕೆಯ ಕಡ್ಡಿಗಳನ್ನು ಕೊಯ್ಯುವಾಗ ಹಿಂದುಗಡೆ ಇತರ ಕಡ್ಡಿಗಳ ಆಸರೆಯಿದ್ದರೆ ಕೊಯ್ತ ನಯವಾಗುವುದು. ಆಸರೆಯಿಲ್ಲದ ಕಡ್ಡಿ ಬಾಗಿ, ಹರಿದು, ಸಿಬಿರಾಗುವುದು. ಬಟ್ಟಲಿನ ಹೊರಮೈಯಲ್ಲಿ ಕಿರಿದಾದ ತಳದಿಂದ ಹಿರಿದಾದ ಅಂಚಿನ ಕಡೆಗೆ, ಒಳಮೈಯಲ್ಲಿ ಅಂಚಿನಿಂದ ತಳದ ಕಡೆಗೆ ಉಳಿಯನ್ನು ಸಾಗಿಸಬೇಕೆಂಬ ನಿಯಮದ ಅರ್ಥ ಇದೇ: ಕೊಯ್ಯುವ ಪ್ರತಿಯೊಂದು ನಾರಿನ ಹಿಂದೆಯೂ ಬೇರೆ ನಾರಿನ ಆಸರೆಯಿರಬೇಕು.

ಉಳಿಯು ಒಂದು ಸನ್ನೆಯೂ ಹೌದು. ಆಸರೆಯ ಕಂಬಿ ಅದರ ಆನಿಕೆ. ಉಳಿಯ ಮೊನೆ ಆನಿಕೆಯಿಂದ ೨೫ ಮಿಲಿಮೀಟರ್ ಮುಂದಿದ್ದು, ಕೈ ೪೦೦ ಮಿಲಿಮೀಟರ್ ಹಿಂದಿದ್ದರೆ, ಮರವು ಮೊನೆಯನ್ನು ಅದುಮುವ ಬಲದ ಹದಿನಾರನೆಯ ಒಂದು ಪಾಲು ಕೈಗೆ ತಾಕುವುದು. ಮೊನೆ ೧೦೦ ಮಿಲಿಮೀಟರ್ ಮುಂದೆ ಚಾಚಿದರೆ ಅದೇ ಬಲದ ನಾಲ್ಕನೆಯ ಒಂದು ಪಾಲು ತಾಕುವುದು. ಕೈಬಲದಿಂದ ಗೆಲ್ಲುವ ಯೋಚನೆ ಬಿಟ್ಟು, ಆಸರೆಯನ್ನು ಮರಕ್ಕೆ ಹತ್ತಿರವಿಡುವುದೇ ಜಾಣತನ.

ವೇಗವೂ ಅಪಾಯವೂ

೨೫೦ ಮಿಲಿಮೀಟರ್ ವ್ಯಾಸದ ತುಂಡು ನಿಮಿಷಕ್ಕೆ ೧೦೦೦ ಸುತ್ತು ಸುತ್ತಿದರೆ ಅದರ ಅಂಚು ಸೆಕೆಂಡಿಗೆ ೧೩ ಮೀಟರ್, ಎಂದರೆ ಗಂಟೆಗೆ ಸುಮಾರು ೪೭ ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅಂಚಿನಲ್ಲಿ ಕೇಂದ್ರಾಭಿಮುಖ ವೇಗೋತ್ಕರ್ಷ ಗುರುತ್ವದ ೧೪೦ ಪಟ್ಟು! ಅಲ್ಲಿ ೫೦ ಗ್ರಾಮಿನ ತೊಗಟೆಯೊಂದು ಅಂಟಿಕೊಂಡಿದ್ದರೆ ಅದನ್ನು ಹಿಡಿದಿಡಲು ೭ ಕಿಲೋಗ್ರಾಮ್ ತೂಕಕ್ಕೆ ಸಮನಾದ ಬಲ ಬೇಕು. ಆ ಹಿಡಿತ ತಪ್ಪಿದ ಕ್ಷಣ ಅದು ಸ್ಪರ್ಶರೇಖೆಯ ದಿಕ್ಕಿನಲ್ಲಿ ಹಾರುವುದು. ಆ ದಿಕ್ಕಿನಲ್ಲಿ ಕಡೆಯುವವನ ಮುಖವಿರಬಹುದು. ವೇಗವನ್ನು ಅರ್ಧಕ್ಕಿಳಿಸಿದರೆ ಈ ಬಲ ನಾಲ್ಕನೆಯ ಒಂದಾಗುವುದು. ಆದುದರಿಂದ ಒರಟು ತುಂಡನ್ನು ಯಾವಾಗಲೂ ನಿಧಾನವಾಗಿ ಸುತ್ತಿಸಲು ತೊಡಗಬೇಕು. ಅಂಗುಲದಲ್ಲಿ ವ್ಯಾಸವನ್ನು ನಿಮಿಷದ ಸುತ್ತುಗಳಿಂದ ಗುಣಿಸಿದರೆ ೬೦೦೦ದಿಂದ ೯೦೦೦ದೊಳಗೆ ಇರಬೇಕೆಂಬುದು ಕೆಲಸಗಾರರ ಸೂತ್ರ. ಸಮತೋಲವಿಲ್ಲದ ತುಂಡಿಗೆ ಅದಕ್ಕಿಂತಲೂ ಕಡಿಮೆಯಿರಬೇಕು.

ಮುಖಕ್ಕೆ ಪೂರ್ಣ ಮುಚ್ಚುಗೆಯಿಲ್ಲದೆ ಈ ಯಂತ್ರದ ಮುಂದೆ ನಿಲ್ಲಬಾರದು. ಸಡಿಲ ತೋಳು, ಸೆರಗು, ಬಳೆ, ಇಳಿಬಿಟ್ಟ ಕೂದಲು, ಕೈಗವಸು ಇವೆಲ್ಲವೂ ತಿರುಗುವ ಮರಕ್ಕೆ ಸಿಕ್ಕಿಕೊಂಡು ಮನುಷ್ಯನನ್ನೇ ಸೆಳೆದುಕೊಳ್ಳಬಲ್ಲವು. ಮರದ ನುಣ್ಣನೆಯ ಧೂಳೂ ನಿರಪಾಯವಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿದೆ. ಮರಳುಕಾಗದದಿಂದ ಉಜ್ಜುವಾಗ ಮೂಗುಬಾಯಿಗೆ ತಕ್ಕ ಮುಖವಾಡವಿರಲೇಬೇಕು. ವಿದ್ಯಾರ್ಥಿಗಳು ಬಲ್ಲವರೊಬ್ಬರು ಪಕ್ಕದಲ್ಲಿಲ್ಲದೆ ಈ ಯಂತ್ರವನ್ನು ಮುಟ್ಟದಿರುವುದು ಲೇಸು.

ಅರಗಿನ ಹೊಳಪು

ಬಟ್ಟಲನ್ನು ಅಲಂಕರಿಸುವ ವಿಷಯದಲ್ಲಿ ನಾವು ಚನ್ನಪಟ್ಟಣಕ್ಕೇ ಹೋಗಬೇಕು. ಅಲ್ಲಿನ ಕುಶಲಿಗಳು ಹೆಚ್ಚಾಗಿ ಬಳಸುವುದು ಹಾಲೆ ಮರ. ಇದು ಬೆಳ್ಳನೆಯ, ಸಣ್ಣ ನಾರಿನ, ನಯವಾಗಿ ಕಡೆಯಲು ಬರುವ ಮರ. ಅರಗಿನ ಹುಳು ಸ್ರವಿಸುವ ಅರಗಿಗೆ ಬಣ್ಣ ಬೆರೆಸಿ ಕಡ್ಡಿಮಾಡಿ, ತಿರುಗುತ್ತಿರುವ ಮರಕ್ಕೆ ಒತ್ತಿಹಿಡಿಯುತ್ತಾರೆ. ಬೆಂಕಿಯಿಲ್ಲ, ಕುಂಚವಿಲ್ಲ. ಘರ್ಷಣೆಯಿಂದ ಹುಟ್ಟಿದ ಉಷ್ಣವೇ ಅರಗನ್ನು ಮೆತ್ತಗೆ ಮಾಡಿ ಮರಕ್ಕೆ ಹತ್ತಿಸುತ್ತದೆ. ಆಮೇಲೆ ಒಣಗಿದ ಗರಿಯೊಂದನ್ನು ಒತ್ತಿದರೆ ಬಣ್ಣ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಮ್ಯೂನಿಕ್ ನಗರದಲ್ಲಿ ತೋಪಿನ ನಳಿಗೆಗಳನ್ನು ಕೊರೆಯುವಾಗ ಹುಟ್ಟುವ ಅಪಾರ ಶಾಖವನ್ನು ಕಂಡು, ಉಷ್ಣವೆಂಬುದು ಒಂದು ದ್ರವ್ಯವಲ್ಲ, ಚಲನೆಯ ಒಂದು ಬಗೆ ಎಂದು ರಂಫರ್ಡ್ ೧೭೯೮ರಲ್ಲಿ ವಾದಿಸಿದನು. ಅದೇ ಸಂಗತಿಯನ್ನು ಚನ್ನಪಟ್ಟಣದ ಕುಶಲಿಯು ದಿನಾಲೂ ದುಡಿಸಿಕೊಳ್ಳುತ್ತಾನೆ. ಮರವು ಉಷ್ಣದ ಮಂದವಾಹಕವಾದುದರಿಂದ ಶಾಖ ಒಳಕ್ಕಿಳಿಯದೆ ಮೇಲ್ಮೈಯಲ್ಲೇ ನಿಲ್ಲುವುದು ಇಲ್ಲಿ ಅನುಕೂಲವೇ ಆಗಿದೆ.

ಅರಗಿನ ಲೇಪ ಮರದ ತೇವದ ಹೋಗುಬರವನ್ನು ನಿಧಾನಗೊಳಿಸುತ್ತದೆ, ಆದರೆ ಪೂರ್ತಿ ತಡೆಯುವುದಿಲ್ಲ. ಹಸಿಮರದ ಮೇಲೆ ಎಷ್ಟು ಹೊಳಪು ಕೊಟ್ಟರೂ ಬಿರುಕು ಬಂದೇ ಬರುವುದು. ಮರದ ಸಹಜ ಬಣ್ಣವನ್ನು ಉಳಿಸಬಯಸುವವರು ಅಗಸೆ ಎಣ್ಣೆಯನ್ನು ಹಚ್ಚುತ್ತಾರೆ. ಅದು ಗಾಳಿಯ ಆಮ್ಲಜನಕದೊಡನೆ ಸಂಯೋಗಗೊಂಡು ಗಟ್ಟಿಯಾಗುತ್ತದೆ. ಈ ಕ್ರಿಯೆಯಲ್ಲಿ ಉಷ್ಣ ಹೊಮ್ಮುವುದರಿಂದ, ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಎಸೆದರೆ ಅವು ತಾವಾಗಿಯೇ ಹೊತ್ತಿಕೊಳ್ಳುವುದುಂಟು. ಅಂಥ ಬಟ್ಟೆಯನ್ನು ಬಯಲಿನಲ್ಲಿ ಹರವಿ ಒಣಗಿಸಬೇಕು.

ಯಾವ ಮರ?

ಬೀಟೆ, ಶ್ರೀಗಂಧಗಳ ಮೇಲೆ ಕಾನೂನಿನ ಕಟ್ಟುಪಾಡುಗಳಿವೆ. ಹವ್ಯಾಸಿಗೆ ಅವುಗಳ ಅಗತ್ಯವೂ ಇಲ್ಲ. ಗಾಳಿಮಳೆಗೆ ಉರುಳಿದ ಮಾವಿನ ಕೊಂಬೆ, ಹಿತ್ತಲಲ್ಲಿ ಸವರಿದ ಹಲಸು, ಬೇವು, ಹುಣಿಸೆ ಇವೇ ಸಾಕು. ಒಲೆಗೆ ಹೋಗಲಿದ್ದ ತುಂಡಿನಲ್ಲಿ ಎಂಥ ಬಣ್ಣ, ಎಂಥ ಗೆರೆಗಳು ಅಡಗಿದ್ದವೆಂಬುದನ್ನು ಉಳಿಯು ತೆರೆದು ತೋರುವಾಗ ಆಗುವ ಸಂತೋಷ ಈ ಹವ್ಯಾಸದ ಮೊದಲ ಸಂಪಾದನೆ.

ಕೆಲವರು ಬೇಕೆಂದೇ ಹಸಿಮರವನ್ನು ಒಂದೇ ಸಲಕ್ಕೆ ತೆಳ್ಳಗೆ ಕಡೆದು, ಅದು ತನ್ನಿಷ್ಟದಂತೆ ಬಾಗಲು ಬಿಡುವುದುಂಟು. ತೆಳುವಾದ ಗೋಡೆ ಬೇಗನೆ, ಸಮನಾಗಿ ಒಣಗುವುದರಿಂದಲೂ ಸುಲಭವಾಗಿ ಬಗ್ಗುವುದರಿಂದಲೂ ಬಿರಿಯುವ ಭಯ ಕಡಿಮೆ. ಅಂಥ ಬಟ್ಟಲಿನ ಅಂಚು ಸಣ್ಣ ಅಲೆಯಂತೆ ಏರಿಳಿದು ಬಹಳ ಚೆಲುವಾಗಿ ಕಾಣುತ್ತದೆ. ಅದನ್ನು ನೋಡಿ, ನಾರು ಯಾವ ದಿಕ್ಕಿಗೆ ಓಡಿತ್ತು, ತಿರುಳು ಯಾವ ಕಡೆಗಿತ್ತು ಎಂಬುದನ್ನು ಬಲ್ಲವರು ಹೇಳಿಬಿಡುತ್ತಾರೆ. ನೀರನ್ನು ವಿರೋಧಿಸಿ ವೃತ್ತವನ್ನು ಗೆಲ್ಲುವವರು ಯಾರೂ ಇಲ್ಲ. ಕಾದಿದ್ದು ಎರಡನೆಯ ಸಲ ಕಡೆಯುವವನು ವೃತ್ತವನ್ನು ಪಡೆಯುತ್ತಾನೆ. ನೀರಿಗೇ ಕೆಲಸವನ್ನು ಒಪ್ಪಿಸಿದವನು ಯಾವ ಕೈವಾರವೂ ಬರೆಯಲಾರದ ಆಕಾರವನ್ನು ಪಡೆಯುತ್ತಾನೆ. ಎರಡಕ್ಕೂ ಬೇಕಾದುದು ಹರಿತವಾದ ಉಳಿ, ಒಂದು ತಕ್ಕಡಿ ಮತ್ತು ತಾಳ್ಮೆ.